ಕುಂಕುಮದ ಕರೆಯಲ್ಲಿ ಕೋರ್ಟಿನ ತಾರೀಖು

ನನ್ನ ಮೊಮ್ಮಗಳು ಕೀರ್ತಿಗೆ ಕೆಲಸ ಸಿಕ್ಕಿದೆ. ಹತ್ತು ದಿನದಿಂದ ದಿಲ್‌ಸುಖ್‌ನಗರದ ನಮ್ಮ ಗಲ್ಲಿಯಲ್ಲಿ ಈ ಮಾತನ್ನು ಯಾರಿಗೆ ಹೇಳಿಲ್ಲ ಎಂದು ಕೇಳಿ! ಹಾಲಿನವನಿಗೆ ಹೇಳಿದೆ, ಇಸ್ತ್ರಿಯವನಿಗೆ ಹೇಳಿದೆ, ಮೆಟ್ರೋದಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಆಕೆ ಪಾಪ, ತನ್ನ ಸ್ಟೇಷನ್ ಬಂದರೂ ಏಳಲು ಸಂಕೋಚಪಟ್ಟಳು. ಪೇಢೆ ಹಂಚಿದ್ದು ಸಾಲದೆ ಹೋಳಿಗೆಯನ್ನೂ ಮಾಡಿ ಹಂಚಿದೆ. ಮೊಣಕಾಲು ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ನಗುವವರು ನಗಲಿ, ನನಗಂತೂ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ.

ಅವಳ ಕೆಲಸ ಏನು ಗೊತ್ತೇ? ಅನ್ಯಾಯಕ್ಕೆ ಸಿಕ್ಕು ನೊಂದ ಹೆಂಗಸರು ಮಕ್ಕಳಿಗೆ ಅವರ ಕೇಸು ಕೋರ್ಟಿನಲ್ಲಿ ಯಾವ ದಿನ ಬರುತ್ತದೆ ಎಂದು ಮುಂಚಿತವಾಗಿ ತಿಳಿಸುವುದು, ಆ ದಿನ ಅವರ ಜೊತೆಗಿರುವುದು. ಕೂರಲು ಮೇಜು ಕುರ್ಚಿ, ಕೊರಳಿಗೆ ಫೋಟೋ ಇರುವ ಗುರುತಿನ ಚೀಟಿ. ಇದೇ ಕೆಲಸವನ್ನು ನಾನು ಇಪ್ಪತ್ತಾರು ವರ್ಷ ಮಾಡಿದೆ. ಆಗ ಅದಕ್ಕೆ ಹೆಸರೇ ಇರಲಿಲ್ಲ. ನನ್ನ ಹೆಸರಿನ ಮುಂದೆ ‘ಹೋಮ್‌ಗಾರ್ಡ್’ ಎಂದು ಮಾತ್ರ ಇತ್ತು. ಯಾವ ಠಾಣೆ ಎಂದು ಬರೆಯುವುದಿಲ್ಲ, ಅಲ್ಲಿ ಈಗ ಬೇರೆ ಜನ ಇದ್ದಾರೆ.

ನಾನು ಬೀದರ್ ಕಡೆಯ ಹಳ್ಳಿಯವಳು. ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ತನಕ ಓದಿದವಳು. ಮದುವೆಯಾಗಿ ಹೈದರಾಬಾದಿಗೆ ಬಂದೆ. ಯಜಮಾನರ ಕಾಲು ಮುರಿದು ಮನೆ ನಡೆಯದಾದಾಗ ಖಾಕಿ ಹಾಕಿದೆ. ನಮ್ಮ ಕನ್ನಡ ಸಂಘದವರು ಈ ಸಲದ ಸಂಚಿಕೆಗೆ ಬರೆಯಿರಿ ಎಂದಾಗ ಹೆದರಿದೆ. ಕೀರ್ತಿ ಬಿಡಲಿಲ್ಲ. ನಾನು ನೋಟುಬುಕ್ಕಿನಲ್ಲಿ ಬರೆಯುವುದು, ಅವಳು ಫೋನಿನಲ್ಲಿ ಟೈಪ್ ಮಾಡುವುದು ಎಂದಾಯಿತು.

“ಆಯಿ, ಚಲೋ ಚಲೋದು ಬರಿ. ನನ್ನ ಜೋಡಿ ಇನ್ನ ಆರು ಮಂದಿ ಹುಡುಗ್ಯಾರು ಸೇರಾಕತ್ತಾರ. ಅವರಿಗೂ ಓದಿ ಹೇಳ್ತೀನಿ,” ಅಂದಳು.

“ಚಲೋದು ಭಾಳ ಇಲ್ಲವ್ವಾ. ಇದ್ದದ್ದು ಬರೀತೀನಿ. ನೀ ನಡುವ ನಡುವ ಸಕ್ರಿ ಹಾಕಬ್ಯಾಡ.”

ಹಾಗಾಗಿ ಮೊದಲ ವಾರದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಹದಿನಾಲ್ಕು ವರ್ಷದ ಒಬ್ಬ ಹುಡುಗಿಗೆ ಸಮನ್ಸ್ ಕೊಟ್ಟು ಬಾ ಎಂದು ಕಳಿಸಿದರು. ಇಂಥ ದಿನ ಬಂದು ಸಾಕ್ಷಿ ಹೇಳು ಎಂದು ಕೋರ್ಟು ಕರೆಯುವ ಕಾಗದ ಅದು. ಹೊಸ ಖಾಕಿ, ಹೊಸ ಬೂಟು, ಮೈತುಂಬ ಹುಮ್ಮಸ್ಸು. ಮನೆ ಯಾವುದೆಂದು ತಿಳಿಯದೆ ಗಲ್ಲಿಯ ನಡುವೆ ನಿಂತು ಆ ಮಗುವಿನ ಹೆಸರು ಹಿಡಿದು, ಕೋರ್ಟಿನ ಕಾಗದ ಬಂದಿದೆ ಎಂದು ಕೂಗಿದೆ. ಎಲ್ಲ ಮನೆಗಳ ಬಾಗಿಲು ತೆರೆದವು, ಅವಳ ಮನೆಯದು ಮುಚ್ಚಿತು. ಕಾಗದವನ್ನು ಬಾಗಿಲ ಸಂದಿಯಿಂದ ಒಳಗೆ ತೂರಿಸಿ, ಕೆಲಸ ಮುಗಿಯಿತು ಎಂದು ಬಂದೆ. ತಿಂಗಳೊಳಗೆ ಆ ಮನೆಯವರು ಮನೆ ಖಾಲಿ ಮಾಡಿದರು. ಎಲ್ಲಿಗೆ ಹೋದರೆಂದು ಠಾಣೆಗೂ ತಿಳಿಯಲಿಲ್ಲ, ಕೋರ್ಟಿಗೂ ತಿಳಿಯಲಿಲ್ಲ. ಸಾಕ್ಷಿ ಇಲ್ಲದೆ ಕೇಸು ಬಿದ್ದುಹೋಯಿತು.

ನಮ್ಮ ಠಾಣೆಯ ಕೋರ್ಟಿನ ಕೆಲಸ ನೋಡುತ್ತಿದ್ದವರು ಯಾದಯ್ಯ ಎಂದು, ಆಗ ಕಾನ್‌ಸ್ಟೇಬಲ್, ಮುಂದೆ ಹೆಡ್ ಕಾನ್‌ಸ್ಟೇಬಲ್ ಆದರು. ಜಹೀರಾಬಾದ್ ಕಡೆಯವರು, ನಮ್ಮ ಕನ್ನಡವೂ ಬರುತ್ತಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಲೀಲಮ್ಮಾ, ಕಾಗದ ಮುಟ್ಟಿಸಿ ಬಂದಿದ್ದೆಲ್ಲಾ?”

“ಮುಟ್ಟಿಸಿದ್ದೆರಿ ಸಾರ್.”

“ಕಾಗದ ಉಳೀತು, ಹುಡುಗಿ ಹೋದಳು. ನಮಗ ಯಾವುದು ಬೇಕಾಗಿತ್ತು?”

ಠಾಣೆಯಲ್ಲಿ ಇನ್ನೊಂದು ರೂಢಿ ಇತ್ತು. ಗಣಪತಿ ಬಂದೋಬಸ್ತು, ಚುನಾವಣೆ ಬಂದೋಬಸ್ತು ಎಂದು ಸಿಬ್ಬಂದಿಗೆ ಉಸಿರಾಡಲು ಬಿಡುವಿರುತ್ತಿರಲಿಲ್ಲ. ಸಮನ್ಸುಗಳು ರಾಶಿ ಬೀಳುತ್ತಿದ್ದವು. ಆಗ ಕೆಲವರು ಇರಾನಿ ಹೋಟೆಲಿನಲ್ಲಿ ಕೂತು ಒಂದೊಂದರ ಬೆನ್ನಿಗೂ ‘ಮನೆಗೆ ಬೀಗ ಹಾಕಿದೆ, ಅಕ್ಕಪಕ್ಕದವರಿಗೆ ತಿಳಿಯದು’ ಎಂದು ಬರೆಯುತ್ತಿದ್ದರು. ಒಂದು ಕಪ್ಪು ಚಹಾ ಆರುವುದರೊಳಗೆ ಹದಿನೈದು ಮನೆಗೆ ಬೀಗ ಬೀಳುತ್ತಿತ್ತು. ಆ ಮನೆಗಳಲ್ಲಿ ಯಾರೋ ಅಡಿಗೆ ಮಾಡುತ್ತ, ನಮ್ಮ ಕೇಸು ಏನಾಯಿತೋ ಎಂದು ಕಾಯುತ್ತಿರುತ್ತಿದ್ದರು. ಮೂರು ನಾಲ್ಕು ಸಲ ಹೀಗಾದರೆ ಸಾಕ್ಷಿದಾರರು ಸಿಗುವುದಿಲ್ಲವೆಂದು ಕೋರ್ಟು ಅವರನ್ನು ಬಿಟ್ಟು ಮುಂದಕ್ಕೆ ಹೋಗಿಬಿಡುತ್ತದೆ. ಕೀರ್ತಿ, ನಿನ್ನ ಗೆಳತಿಯರಿಗೂ ಹೇಳು. ಹೋಗದ ಮನೆಗೆ ಹೋಗಿಬಂದೆ ಎಂದು ಒಂದೇ ಒಂದು ಸಲವೂ ಬರೆಯಬೇಡಿ. ಎರಡನೆಯ ಸಲ ಕೈ ತಾನಾಗಿಯೇ ಬರೆಯುತ್ತದೆ.

ಆ ಹದಿನಾಲ್ಕು ವರ್ಷದ ಹುಡುಗಿಯ ನಂತರ ನಾನು ನನ್ನದೇ ಒಂದು ದಾರಿ ಮಾಡಿಕೊಂಡೆ. ಹೆಂಗಸರಿಗೆ ತಾರೀಖು ತಿಳಿಸಲು ಹೋಗುವಾಗ ಖಾಕಿ ಬಿಟ್ಟು ಇಳಕಲ್ ಸೀರೆ ಉಟ್ಟುಕೊಂಡು, ಚೀಲದಲ್ಲಿ ಅರಿಷಿಣ ಕುಂಕುಮದ ಬಟ್ಟಲು ಇಟ್ಟುಕೊಂಡು ಹೊರಡುತ್ತಿದ್ದೆ. ನಮ್ಮ ಕಡೆ ಮನೆಯಲ್ಲಿ ಏನಾದರೂ ಇದ್ದರೆ ಮುತ್ತೈದೆಯರನ್ನು ಹಣೆಗೆ ಕುಂಕುಮ ಹಚ್ಚಿ ಕರೆದು ಬರುವುದುಂಟಲ್ಲ, ಹಾಗೆ. ತೆಲುಗಿನವರ ಮನೆಗಳಲ್ಲೂ ಪೇರಂಟಕ್ಕೆ ಕರೆಯುವ ಇಂಥದೇ ಪದ್ಧತಿ ಇದೆ. ಮುಸಲ್ಮಾನರ ಮನೆಗಳಿಗೆ ಸುಲ್ತಾನ್ ಬಜಾರಿನಿಂದ ಸೀರೆಯ ಫಾಲು, ಲೇಸು ತಂದು ಮಾರುವವಳ ಹಾಗೆ ಹೋಗುತ್ತಿದ್ದೆ. ಹೆಂಗಸು ಹೆಂಗಸನ್ನು ಕರೆಯಲು ಬಂದರೆ ಯಾರಿಗೂ ಸಂಶಯ ಬಾರದು. ಮನೆಯಲ್ಲಿರುವ ಎಲ್ಲರ ಹಣೆಗೂ ಕುಂಕುಮ ಹಚ್ಚಿ, “ಬರೂ ಬುಧವಾರ ಮುಂಜಾನಿ ಹತ್ತಕ್ಕ ನಮ್ಮನಿಗೆ ಬರಬೇಕ್ರಿ” ಎಂದರೆ, ತಿಳಿಯಬೇಕಾದವಳಿಗೆ ತಿಳಿಯುತ್ತಿತ್ತು. ಕಾಗದಕ್ಕೆ ಸಹಿ ಬೇಕಲ್ಲ, ಅದಕ್ಕೆ “ಗಲ್ಲಿ ತನಕಾ ಕಳಿಸಿ ಬಾರವ್ವಾ” ಎಂದು ಅವಳನ್ನು ಹೊರಗೆ ಕರೆದು ಗೋಡೆಗೆ ಒತ್ತಿ ಸಹಿ ಮಾಡಿಸಿಕೊಳ್ಳುತ್ತಿದ್ದೆ. ಯಾದಯ್ಯನವರು ತಲೆ ಕೆರೆದುಕೊಂಡರೂ ಬೇಡವೆನ್ನಲಿಲ್ಲ. ನಾನು ಕರೆಯಲು ಹೋದ ಹೆಂಗಸರು ಕೋರ್ಟಿಗೆ ಬರುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಇಷ್ಟು ಟೈಪ್ ಮಾಡಿ ಕೀರ್ತಿ ಕೈ ನಿಲ್ಲಿಸಿದಳು.

“ಆಯಿ, ಹಿಂಗ ಸುಳ್ಳ ಹೇಳಿ ಮಂದಿ ಮನಿಗೆ ಹೋಗಬಾರದು ಅಂತ ನಮ್ಮ ಟ್ರೇನಿಂಗಿನಾಗ ಹೇಳ್ಯಾರ.”

“ಬರೋಬರಿ ಹೇಳ್ಯಾರ. ಯಾಕ ಹೋಗಬಾರದು ಅಂತ ಹೇಳ್ಯಾರೇನು?”

“ಅದನ್ನ ಹೇಳಿಲ್ಲ.”

“ಅದನ್ನೇ ಬರ್ಯಾಕತ್ತೀನಿ. ಟೈಪ್ ಮಾಡು.”

ನಡುವೆ ಫೋನಿನ ಕಾಲ ಬಂತು. ಮೆಸೇಜು ಹೋದರೆ ತಿಳಿಸಿದಂತೆಯೇ ಎಂದು ಸಾಹೇಬರೆಲ್ಲ ಖುಷಿಪಟ್ಟರು. ನಾನೂ ಪಟ್ಟೆ. ಗಂಡನಿಂದ ಹೊಡೆತ ತಿಂದು ಕೈ ಮುರಿದುಕೊಂಡ ಒಬ್ಬಾಕೆ ದೂರು ಕೊಟ್ಟಾಗ, ಫೋನ್ ನಂಬರ್ ಏನವ್ವಾ ಎಂದು ಕೇಳಿದವಳು ನಾನೇ. ಆಕೆ ಹೇಳಿದಳು, ಬರೆಸಿದೆ. ಮನೆಯಲ್ಲಿ ಇದ್ದದ್ದು ಒಂದೇ ಫೋನು, ಅದು ಇರುತ್ತಿದ್ದುದು ಗಂಡನ ಜೇಬಿನಲ್ಲಿ ಎಂದು ನನಗೆ ಹೊಳೆಯಲೇ ಇಲ್ಲ. ತಾರೀಖಿನ ಮೆಸೇಜು ಪ್ರತಿ ಸಲವೂ ಹೊಡೆದವನಿಗೇ ಹೋಯಿತು. ತಾರೀಖು ಹತ್ತಿರ ಬಂತೆಂದರೆ ಅವನು ಆಕೆಯನ್ನು ಊರಿಗೆ ಕರೆದುಕೊಂಡು ಹೋಗಿಬಿಡುತ್ತಿದ್ದ. ದೂರು ಕೊಟ್ಟವಳಿಗೇ ಆಸಕ್ತಿ ಇಲ್ಲ ಎಂದು ಕೇಸು ಮುಚ್ಚಿತು. ಆಮೇಲೆ ಒಂದು ದಿನ ಸುಲ್ತಾನ್ ಬಜಾರಿನಲ್ಲಿ ಆಕೆ ಎದುರಾದಳು. ಮುರಿದ ಕೈ ಸರಿಯಾಗಿ ಕೂಡಿರಲಿಲ್ಲ, ಬಳೆಗಾರ ಬಳೆ ಏರಿಸಲು ಒದ್ದಾಡುತ್ತಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿದಳು. ಕರೆದು ಮಾತಾಡಿಸುವ ಧೈರ್ಯ ನನಗೆ ಬರಲಿಲ್ಲ. ಅಂದಿನಿಂದ ನಂಬರು ಕೇಳಿದ ಕೂಡಲೇ, ಫೋನು ಯಾರ ಕೈಯಲ್ಲಿರುತ್ತದೆ ಎಂದೂ ಕೇಳುವುದನ್ನು ಕಲಿತೆ.

ಈಗ ರೇಣುಕಾಳ ವಿಷಯ. ಅವಳ ಹೆಸರು ಇದಲ್ಲ. ಇಂಥವರ ಹೆಸರು ಬರೆಯಬಾರದೆಂದು ಕಾನೂನು ಇದೆ. ಕಾನೂನು ಇಲ್ಲದಿದ್ದರೂ ನಾನು ಬರೆಯುತ್ತಿರಲಿಲ್ಲ.

ರೇಣುಕಾಳ ತಂದೆ ತಾಯಿ ಕಲಬುರಗಿ ಕಡೆಯಿಂದ ಬಂದು ನಮ್ಮ ಠಾಣೆಯ ಸರಹದ್ದಿನಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದರು. ಅವಳಿಗೆ ಹದಿನೈದು ವರ್ಷವಿದ್ದಾಗ ಆ ಮನೆಯ ಮಾಲೀಕ ಅವಳನ್ನು ಕೆಡಿಸಿದ. ತಾಯಿ ಗಟ್ಟಿಗಿತ್ತಿ, ಹೆದರದೆ ದೂರು ಕೊಟ್ಟಳು. ಅವನನ್ನು ಹಿಡಿದು ಜೈಲಿಗೆ ಹಾಕಿದರು. ಮೂರು ತಿಂಗಳಿಗೆ ಜಾಮೀನು ಸಿಕ್ಕಿತು. ಜಾಮೀನಿನ ಅರ್ಜಿ ಬಂದಿದೆ ಎಂದಾಗಲಿ, ಅವನು ಹೊರಗೆ ಬಂದ ಎಂದಾಗಲಿ ಆ ಮನೆಗೆ ಯಾರೂ ತಿಳಿಸಲಿಲ್ಲ. ಹುಡುಗಿ ಕೊತ್ತಂಬರಿ ತರಲು ಹೋದಾಗ ಎದುರಿಗೇ ನಿಂತಿದ್ದನಂತೆ, ಟೊಮೆಟೊ ಆರಿಸುತ್ತ. ಈಗ ಇಂಥ ಕೇಸುಗಳಲ್ಲಿ ಜಾಮೀನಿನ ಅರ್ಜಿ ಬಂದರೆ ಹುಡುಗಿಯ ಕಡೆಯವರಿಗೆ ತಿಳಿಸಲೇಬೇಕು ಎಂದಾಗಿದೆ. ನಾನು ಕಂಡ ಬದಲಾವಣೆಗಳಲ್ಲಿ ಇದೇ ದೊಡ್ಡದು. ಅವಳಿಗೆ ಅದು ಸಿಗಲಿಲ್ಲ.

ನಾನು ಅವರ ಹೊಸ ಬಾಡಿಗೆ ಮನೆಗೆ ಹೋದಾಗ ಅವಳು ವಾರದಿಂದ ಹೊಸ್ತಿಲು ದಾಟಿರಲಿಲ್ಲ. ಗೋಡೆಗೆ ಒರಗಿ ಕೂತು, “ಅವನ ಕೇಸಿನಾಗ ಏನಾದರೂ ನನಗ ಮೊದಲ ಗೊತ್ತಾಗಬೇಕ್ರಿ. ಮತ್ತ ನಾ ಎಲ್ಲಾ ಕೋರ್ಟಿನ್ಯಾಗ ಹೇಳಬೇಕ್ರಿ. ಎರಡ ಮಾತು,” ಎಂದಳು. ಎರಡು ಬೆರಳು ತೋರಿಸಿದಳು. ನಾನು ಒಪ್ಪಿಕೊಂಡೆ.

ಕೇಸು ಕುಂಟುತ್ತ ಸಾಗಿತು. ಅವಳಿಗೆ ಹತ್ತೊಂಬತ್ತಾದಾಗ ತಾಯಿಯೇ ಸೋತು ಪಟಾನ್‌ಚೆರುವಿನ ಒಂದು ಮನೆಗೆ ಮದುವೆ ಮಾಡಿಕೊಟ್ಟಳು. ಗಂಡ ಔಷಧಿ ಕಾರ್ಖಾನೆಯಲ್ಲಿ ಕೆಲಸಗಾರ, ಒಳ್ಳೆಯ ಹುಡುಗ ಎನ್ನುತ್ತಿದ್ದರು. ಕೇಸಿನ ಸಂಗತಿಯನ್ನು ಆ ಮನೆಗೆ ಹೇಳಲಿಲ್ಲ. ಮದುವೆಯಾದ ಏಳು ತಿಂಗಳಿಗೆ ಅವಳನ್ನು ಸಾಕ್ಷಿ ಹೇಳಲು ಕರೆದು ಸಮನ್ಸ್ ಬಂತು. ತಾಯಿ ನನ್ನ ಕೈ ಹಿಡಿದುಕೊಂಡು, “ಫೋನ್ ಅತ್ತಿ ಹತ್ರ ಇರ್ತೈತಿ ಬಾಯಾರ. ನೀವ ಹೋಗಿ ಹೆಂಗಾರ ಮಾಡಿ ಹೇಳ್ರಿ. ಅಲ್ಲಿ ಗೊತ್ತಾದ್ರ ಆಕಿ ಬಾಳ್ವಿ ಮುಗೀತು,” ಎಂದಳು.

ಕುಂಕುಮದ ಬಟ್ಟಲು ಇತ್ತಲ್ಲ. ಮೆಟ್ರೋ ಹತ್ತಿ ಮಿಯಾಪುರಕ್ಕೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಪಟಾನ್‌ಚೆರುವಿಗೆ ಹೋದೆ. ರೇಣುಕಾಳ ತಾಯಿಯ ತಂಗಿ ಎಂದು ಅತ್ತೆಗೆ ಹೇಳಿಕೊಂಡೆ. ರೇಣುಕಾ ನನ್ನನ್ನು ಚಿಗವ್ವಾ ಎಂದಳು. ಅತ್ತೆ ಎತ್ತರದ ಆಳು, ಮಾತು ಕಡಿಮೆ. ಚಹಾ ಮಾಡಿಕೊಟ್ಟು, ನಾನು ಹಚ್ಚಿದ ಕುಂಕುಮಕ್ಕೆ ಹಣೆ ಬಗ್ಗಿಸಿ, ತಾರೀಖಿನ ದಿನ ಸೊಸೆಯನ್ನು ಕಳಿಸಿಕೊಟ್ಟಳು. ಆ ದಿನ ಜಡ್ಜ್ ಸಾಹೇಬರು ರಜೆ. ಎರಡು ತಿಂಗಳಿಗೆ ಮತ್ತೆ ತಾರೀಖು, ಮತ್ತೆ ಕುಂಕುಮ. ಆ ಸಲ ಆ ಮನೆ ಮಾಲೀಕನ ಕಡೆಯ ವಕೀಲರು ಬರಲಿಲ್ಲ. ಎರಡೂ ದಿನ ಹುಡುಗಿ ಸಂಜೆಯ ತನಕ ಬೆಂಚಿನ ಮೇಲೆ ಕೂತು ಎದ್ದು ಹೋದಳು. ಕಂಬದ ಆ ಕಡೆ ಅವನೂ ಕೂತಿರುತ್ತಿದ್ದ.

ಮೂರನೆಯ ತಾರೀಖು ಬಂತು. ಸಮನ್ಸು ನಮ್ಮ ಸಾಹೇಬರ ಮೇಜಿನ ಖಾನೆಯಲ್ಲಿ ಎಂಟು ದಿನ ಕೂತಿತ್ತು. ಸೋಮವಾರ ಬೆಳಿಗ್ಗೆ ನನ್ನ ಕೈಗೆ ಬಂದಾಗ ತಾರೀಖಿಗೆ ಇದ್ದದ್ದು ಎರಡೇ ದಿನ. ಇದೇ ತಪ್ಪಿದರೆ ಕೋರ್ಟು ಇನ್ನು ಕಾಯುವುದಿಲ್ಲ ಎಂದರು ಯಾದಯ್ಯ. ನಾನು ಹಿಂದೆ ಮುಂದೆ ನೋಡದೆ ಸೀರೆ ಉಟ್ಟು, ಬಟ್ಟಲು ಹಿಡಿದು ಓಡಿದೆ.

ಅತ್ತೆ ನೆಲದ ಮೇಲೆ ಕೂತು ಕುಂಬಳಕಾಯಿ ಹೆಚ್ಚುತ್ತಿದ್ದಳು. ಮೂಲೆಯಲ್ಲಿ ಬಾಳೆ ಎಲೆಯ ಸುರುಳಿ, ಮೊರದಲ್ಲಿ ಕರಿ ಎಳ್ಳು. ಎಲ್ಲ ಕಣ್ಣಿಗೆ ಬಿದ್ದವು, ತಲೆಗೆ ಹೋಗಲಿಲ್ಲ. ನಾನು ಬಟ್ಟಲು ತೆಗೆದೆ.

“ನಾಡದು ಬುಧವಾರ ನಮ್ಮ ಮನ್ಯಾಗ ಕುಂಕುಮ ಇಟ್ಕೊಂಡೀನ್ರಿ ಅಕ್ಕಾರ. ಮುಂಜಾನಿ ಹತ್ತಕ್ಕ ರೇಣುಕಾನ್ನ ಕಳಸ್ರಿ. ನೀವೂ ಬರ್ರಿ.”

ಅವಳ ಕೈ ನಿಂತಿತು.

“ಬುಧವಾರ?”

“ಹೌದ್ರಿ.”

“ಬುಧವಾರ ನಮ್ಮ ಮಾವನ ಪಕ್ಷ. ಪಿತೃಪಕ್ಷದಾಗ ಕುಂಕುಮ ಕೊಡೂ ಮನಿ ಹೈದರಾಬಾದಿನ್ಯಾಗ ಎಲ್ಲೈತಿ ಬಾಯಾರ? ನಾನೂ ಒಂದ ಸಲ ನೋಡತೀನಿ.”

ನಮ್ಮದು ಲಿಂಗ ಕಟ್ಟಿದ ಮನೆ. ಪಕ್ಷ ಮಾಡುವ ರೂಢಿ ನಮ್ಮಲ್ಲಿಲ್ಲ, ಆ ಹದಿನೈದು ದಿನ ಯಾವಾಗ ಬಂದು ಯಾವಾಗ ಹೋಗುತ್ತವೆ ಎಂಬ ಲೆಕ್ಕವೂ ಇರುವುದಿಲ್ಲ. ಸತ್ತವರಿಗೆ ಎಡೆ ಇಡುವ ಆ ದಿನಗಳಲ್ಲಿ ಯಾರೂ ಇಂಥ ಶುಭದ ಕರೆ ಕರೆಯುವುದಿಲ್ಲ ಎನ್ನುವುದು ಗೊತ್ತಿದ್ದೂ ಆ ಹೊತ್ತಿಗೆ ನೆನಪಾಗಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

“ನಾವು ಲಿಂಗಾಯತರು ನೋಡ್ರಿ. ನಮ್ಮಾಗ ಪಕ್ಷ ಇಲ್ಲ.”

ಅವಳು ಈಳಿಗೆಮಣೆ ಪಕ್ಕಕ್ಕೆ ಸರಿಸಿದಳು.

“ನಿಮ್ಮಾಗ ಇಲ್ಲ. ನಮ್ಮ ಬೀಗತಿ ಮನ್ಯಾಗ ಐತಿ. ಅಕ್ಕಗ ಪಕ್ಷ ಐತಿ, ತಂಗಿಗೆ ಇಲ್ಲ. ಇದ್ಯಾವ ಅಕ್ಕ ತಂಗೇರು ನೀವು?”

ರೇಣುಕಾ ಒಲೆಯ ಬಳಿ ನಿಂತಿದ್ದಳು. ನಾನು ಎದ್ದೆ. ಅತ್ತೆ ನನಗಿಂತ ಮೊದಲು ಎದ್ದು ಚೀಲಕ್ಕೆ ಕೈ ಹಾಕಿದಳು. ಕೋರ್ಟಿನ ಕಾಗದ ಹೊರಗೆ ಬಂತು. ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಸರ್ಕಾರದ ಸೀಲು ಯಾರಿಗೆ ತಿಳಿಯುವುದಿಲ್ಲ? ಅದನ್ನು ಸೊಸೆಯ ಮುಂದೆ ಹಿಡಿದಳು.

“ನೀ ಹತ್ತನೇತ್ತ ಕಲತಾಕಿ. ಓದು.”

“ಅದು ರೇಷನ್ ಕಾರ್ಡಿನ ಕಾಗದರಿ ಅಕ್ಕಾರ,” ಎಂದೆ.

“ನಿಮ್ಮನ್ನ ಕೇಳಿಲ್ಲ ಬಾಯಾರ.”

ರೇಣುಕಾ ಕಾಗದ ತೆಗೆದುಕೊಂಡಳು. ಹೌದೆನ್ನು, ರೇಷನ್ ಎನ್ನು ಎಂದು ನಾನು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ.

“ಕೋರ್ಟಿನ ಕಾಗದ ಐತ್ರಿ ಅತ್ತಿ. ನನ್ನ ಹೆಸರಿಗೆ ಬಂದೈತಿ. ನಾ ಹದಿನೈದು ವರ್ಷದಾಕಿ ಇದ್ದಾಗ ನಾವಿದ್ದ ಮನಿ ಮಾಲಕ ನನ್ನ ಕೆಡಿಸಿದ. ಬುಧವಾರ ನಾ ಹೋಗಿ ಅದನ್ನ ಜಡ್ಜರ ಮುಂದ ಹೇಳಬೇಕು. ಹಿಂದ ಎರಡ ಸಲ ಹೋಗಿದ್ದೂ ಅದಕ್ಕ. ಇವರು ಚಿಗವ್ವ ಅಲ್ಲ, ಪೊಲೀಸರು.”

ಕಾಗದದಲ್ಲಿ ಇಷ್ಟೆಲ್ಲ ಇರಲಿಲ್ಲ. ಅವಳ ಹೆಸರು, ಕೇಸಿನ ನಂಬರು, ತಾರೀಖು, ಅಷ್ಟೇ. ಉಳಿದದ್ದನ್ನು ಅವಳೇ ಓದಿದಳು. ಓದುವ ಹಾಗೆ ಕಾಗದದ ಮೇಲೆಯೇ ಕಣ್ಣಿಟ್ಟು.

ಅತ್ತೆ ಹೋಗಿ ಬಾಗಿಲು ಮುಂದೆ ಮಾಡಿ ಬಂದಳು.

“ನನ್ನ ಮಗಗ ಗೊತ್ತೈತೇನು?”

“ಇಲ್ರಿ.”

“ನಿಮ್ಮವ್ವಗ?”

“ಗೊತ್ತೈತ್ರಿ.”

ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿನಿಂದ ಕೂಗುತ್ತಾಳೆ ಎಂದುಕೊಂಡಿದ್ದೆ. ಮೆಲ್ಲಗೆ ಕೇಳಿದಳು.

“ಹಿಂದ ಎರಡ ಸಲ ಬಂದು ನನ್ನ ಹಣಿಗೆ ಕುಂಕುಮ ಹಚ್ಚಿ ಹೋದ್ರಿ. ನಾ ಕಣ್ಣ ಮುಚ್ಚಿ ಹಚ್ಚಿಸಿಕೊಂಡೆ. ಅದೂ ಪೊಲೀಸರ ಕುಂಕುಮನಾ?”

ನಾನು ಬಟ್ಟಲನ್ನು ಚೀಲದೊಳಗೆ ಇಟ್ಟುಕೊಂಡೆ. ಎಲ್ಲರ ಗುಟ್ಟು ಕಾಯುತ್ತಿದ್ದೇನೆ ಎಂದುಕೊಂಡು ನಾನು ಇನ್ನೊಬ್ಬರ ನಂಬಿಕೆಯನ್ನು ಕಳ್ಳದಾರಿ ಮಾಡಿಕೊಂಡಿದ್ದೆ. ಮೊದಲೇ ಆ ಹೆಂಗಸಿನ ಮುಂದೆ ಕೂತು ನಿಜ ಹೇಳಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಇದೇ ಆಗುತ್ತಿತ್ತೇನೋ. ಆದರೆ ಹೇಳುವುದೋ ಬಿಡುವುದೋ ಎಂದು ರೇಣುಕಾಳನ್ನು ಕೇಳಬೇಕಾಗಿತ್ತು. ತಾಯಿಯನ್ನು ಕೇಳಿದೆ, ಯಾದಯ್ಯನವರನ್ನು ಕೇಳಿದೆ, ಅವಳೊಬ್ಬಳನ್ನೇ ಕೇಳಲಿಲ್ಲ. ಟೈಪ್ ಮಾಡು ಕೀರ್ತಿ, ಇದನ್ನು ಬಿಡಬೇಡ.

ಬುಧವಾರ ಎಂಟು ಗಂಟೆಗೇ ಹೋಗಿ ಕೋರ್ಟಿನ ಗೇಟಿನಲ್ಲಿ ನಿಂತೆ. ಬರುತ್ತಾಳೆಂಬ ಆಸೆ ಇರಲಿಲ್ಲ. ಒಂಬತ್ತೂವರೆಗೆ ಬಂದಳು, ಒಬ್ಬಳೇ. ಸೋಮವಾರ ಸಂಜೆ ಗಂಡ ಕೆಲಸದಿಂದ ಬಂದು, ತಾಯಿಯ ಮಾತು ಕೇಳಿ, ಇವಳನ್ನು ಬಸ್ಸಿನಲ್ಲಿ ಕರೆತಂದು ತವರಿನ ಬಾಗಿಲಲ್ಲಿ ಬಿಟ್ಟು ಹೋದನಂತೆ. ಒಳಗೆ ಬಂದು ನೀರೂ ಕುಡಿಯಲಿಲ್ಲವಂತೆ. ತವರಿನಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ನೀನು ಇಲ್ಲಿದ್ದರೆ ಅದೂ ಮುರಿಯುತ್ತದೆ ಎಂದು ತಂದೆ ಅಂದನಂತೆ.

“ತಪ್ಪಾತವ್ವಾ,” ಎಂದೆ.

ಇರಲಿ ಬಿಡಿ ಎಂದು ಅವಳು ಅನ್ನಲಿಲ್ಲ. ಯಾಕೆ ಅನ್ನಬೇಕು?

“ಇವತ್ತಾದ್ರೂ ನಡೀತದಾ ಮೇಡಂ?” ಎಂದು ಕೇಳಿದಳು.

ನಡೆಯಲಿಲ್ಲ. ಆ ಮಾಲೀಕನ ವಕೀಲರಿಗೆ ಹುಷಾರಿಲ್ಲ ಎಂದು ಚೀಟಿ ಬಂತು. ದಸರೆಯ ನಂತರದ ಒಂದು ಸೋಮವಾರಕ್ಕೆ ಹಾಕಿದರು. ಮೂರು ನಿಮಿಷದ ಕೆಲಸ. ಆ ಮೂರು ನಿಮಿಷಕ್ಕಾಗಿ ಅವಳ ಸಂಸಾರ ಹೋಗಿತ್ತು. ಹೊರಗೆ ಬಂದು ನಾನು ಕೇಳಲೇಬೇಕಾದದ್ದನ್ನು ಕೇಳಿದೆ.

“ಮುಂದಿನ ಸಲ ಎಲ್ಲಿಗೆ ಬಂದು ಹೇಳಲೆವ್ವಾ?”

ಅವಳು ನನ್ನ ಕೈಯಿಂದ ವಿಳಾಸದ ಹಾಳೆ ಮತ್ತು ಪೆನ್ನು ತೆಗೆದುಕೊಂಡಳು. ಪಟಾನ್‌ಚೆರುವಿನ ವಿಳಾಸದ ಮೇಲೆ ಗೆರೆ ಎಳೆದಳು. ಅದರ ಕೆಳಗಿದ್ದ ತವರಿನ ವಿಳಾಸದ ಮೇಲೂ ಎಳೆದಳು. ಹೊಸದನ್ನು ಬರೆಯಲು ಏನೂ ಇರಲಿಲ್ಲ, ಹಾಗೆಯೇ ಮರಳಿ ಕೊಟ್ಟಳು. ವಾರದ ಮೇಲೆ ಅವಳೇ ಠಾಣೆಗೆ ಬಂದು ಒಂದು ಫೋನ್ ನಂಬರು ಬರೆಸಿದಳು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು, ಹುಡುಗಿಯರ ಹಾಸ್ಟೆಲಿನಲ್ಲಿ ಒಂದು ಮಂಚ ಹಿಡಿದಿದ್ದಳು. ಫೋನು ಯಾರ ಕೈಯಲ್ಲಿರುತ್ತದೆ ಎಂದು ಕೇಳಿದೆ. “ನಂದೈತ್ರಿ,” ಎಂದಳು.

ನಾನು ಸರ್ಕಾರಿ ವಕೀಲರ ಮುಂದೆ ಹೋಗಿ ನಡೆದದ್ದನ್ನೆಲ್ಲ, ನನ್ನ ಕುಂಕುಮದ ಸಮೇತ ಹೇಳಿದೆ. ಅವರು ಎರಡು ಮಾತು ಬೈದರು. ಆದರೆ ದಸರೆಯ ನಂತರದ ಆ ಸೋಮವಾರ, ಇನ್ನೊಂದು ತಾರೀಖು ಬೇಕೆಂದು ಆ ಕಡೆಯವರು ಎದ್ದಾಗ ಇವರು ಪಟ್ಟು ಹಿಡಿದು ಕೂತರು. ರೇಣುಕಾ ಒಳಗೆ ಹೋದಳು. ಎರಡೂವರೆ ಗಂಟೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನಗೆ ಅವಳ ದನಿ ಕೇಳುತ್ತಿರಲಿಲ್ಲ, ಪ್ರಶ್ನೆ ಹಾಕುವವರ ದನಿ ಮಾತ್ರ ಆಗಾಗ ಏರುತ್ತಿತ್ತು. ಹೊರಗೆ ಬಂದವಳು ನಳದ ಬಳಿ ಹೋಗಿ ಮುಖ ತೊಳೆದುಕೊಂಡು, ಅಂಗಡಿಗೆ ಅರ್ಧ ದಿನದ ರಜೆ ಹಾಕಿದ್ದೆ ಎಂದು ಬಸ್ಸು ಹತ್ತಿ ಹೋದಳು.

ತೀರ್ಪಿನ ದಿನ ಗೊತ್ತಾದಾಗ ಯಾದಯ್ಯ, “ತೀರ್ಪಿಗೆ ಸಮನ್ಸ್ ಇಲ್ಲ ಲೀಲಮ್ಮಾ. ಸಾಕ್ಷಿದು ಮುಗೀತು, ಇನ್ನ ನಮ್ಮ ಕೆಲಸ ಇಲ್ಲ,” ಎಂದರು. ನಾನು ಐದು ದಿನ ಮೊದಲೇ ಫೋನ್ ಮಾಡಿದೆ.

“ನಾ ಬರಲೇಬೇಕಾ?” ಎಂದಳು.

“ಬರಬೇಕಂತೇನಿಲ್ಲ. ಬರೂದು ಬಿಡೂದು ನಿನ್ನದು. ತಿಳಿಸೂದು ನಂದು.”

“ಹಂಗಾರ ಬರೂದಿಲ್ರಿ.”

ಹತ್ತು ವರ್ಷ ಶಿಕ್ಷೆಯಾಯಿತು. ಕೋರ್ಟಿನ ಮೆಟ್ಟಿಲ ಮೇಲಿಂದಲೇ ಹೇಳಿದೆ. ಅಳುತ್ತಾಳೋ ನಗುತ್ತಾಳೋ ಎಂದು ಕಾದೆ. ಆ ಕಡೆ ಅಂಗಡಿಯ ಗದ್ದಲ.

“ಮತ್ತ ಹೊರಗ ಬರ್ತಾನೇನ್ರಿ?”

ಸುಳ್ಳು ಹೇಳಬಾರದೆಂದು ಅಷ್ಟರಲ್ಲಿ ಕಲಿತಿದ್ದೆ. “ಹೈಕೋರ್ಟಿಗೆ ಅಪೀಲು ಹಾಕತಾನ. ಅದು ನಡೆಯೂ ತನಕ ಬಿಡ್ರಿ ಅಂತ ಕೇಳತಾನ. ಬಿಟ್ಟರೂ ಬಿಡಬಹುದು,” ಎಂದೆ.

“ಗಿರಾಕಿ ಬಂದಾರ,” ಎಂದು ಇಟ್ಟಳು.

ಅಪೀಲು ಹಾಕಿದ. ಅದು ಇನ್ನೂ ಮುಗಿದಿಲ್ಲ. ನಾನು ಖಾಕಿ ಬಿಚ್ಚಿಟ್ಟು ಎರಡು ವರ್ಷವಾಯಿತು. ಈಗ ಕೇಸು ಎಲ್ಲಿಗೆ ಬಂದಿದೆ ಎಂದು ಫೋನಿನಲ್ಲೇ ನೋಡಬಹುದಂತೆ, ಕೀರ್ತಿ ನೋಡಿ ಹೇಳುತ್ತಾಳೆ. ಪ್ರತಿ ತಿಂಗಳ ಮೊದಲ ಭಾನುವಾರ ನಾನು ರೇಣುಕಾಳಿಗೆ ಫೋನ್ ಮಾಡುತ್ತೇನೆ. ಗಂಡ ಮರಳಿ ಕರೆಯಲಿಲ್ಲ. ಅದನ್ನು ನಾನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ. ನಮ್ಮ ಮಾತು ಕೇಸಿನದು ಮಾತ್ರ.

ಮೊನ್ನೆಯ ಭಾನುವಾರವೂ ಮಾಡಿದೆ.

“ಈ ತಿಂಗಳ ಏನೂ ಇಲ್ಲವ್ವಾ. ಅವ ಒಳಗೇ ಅದಾನ. ತಾರೀಖ ಬಂದಿಲ್ಲ.”

“ಏನೂ ಇಲ್ಲ ಅಂತ ಹೇಳಾಕ ಫೋನ್ ಮಾಡಿದ್ರಾ?”

“ಹೌದು.”

“ಮುಂದಿನ ತಿಂಗಳೂ ಮಾಡ್ರಿ,” ಎಂದಳು.